ಚಳಿಯನ್ನೇ ಬೆಳೆಯುವವರ ಹಟ್ಟಿಯಲ್ಲಿ

ಒಂದು, ಎರಡನೇ ದಿನ: ಲೇಹ್

ಶಿವರಾತ್ರಿ ಬಂತೆಂದರೆ ಚಳಿ ‘ಶಿವ ಶಿವಾ’ ಅನ್ನುತ್ತ ಹೊರಟುಹೋಗುತ್ತದೆ ಅನ್ನುವುದು ನಮ್ಮ ಕಡೆಯ ಮಾತು. ಶಿವರಾತ್ರಿ ಕಳೆದು ವಾರವಾಗಿತ್ತು, ಬೆಂಗಳೂರಲ್ಲಿ ಆಗಲೇ ಫ್ಯಾನ್ ಹಾಕಿಕೊಂಡು ಮಲಗುತ್ತಿದ್ದೆವು. ದಿಲ್ಲಿಯಿಂದ ಬೆಳಗಿನ ವಿಮಾನ ಹತ್ತಿ ಲೇಹ್‌ನಲ್ಲಿ ಇಳಿಯುವಾಗ ಪೈಲಟ್ ಹೇಳಿದ ಹೊರಗಿನ ತಾಪಮಾನ ಮೈನಸ್ 11. ಚಳಿ ನಮ್ಮೂರು ಬಿಟ್ಟು ಎಲ್ಲಿಗೆ ಹೋಗುತ್ತದೆ ಅನ್ನುವುದು ಅವತ್ತು ಗೊತ್ತಾಯಿತು.

ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ಇಲ್ಲಿ ಬಂದಿಳಿದವರು ಮೊದಲ ಎರಡು ದಿನ ಮಾಡಬೇಕಾದ ಕೆಲಸವೆಂದರೆ ಏನೂ ಮಾಡದೆ ಬಿದ್ದಿರುವುದು. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಮೊದಲ ಸಂಜೆಯೇ ಪೇಟೆಗೆ ನಡೆದೆ. ಅದರ ಫಲವಾಗಿ ರಾತ್ರಿಯಿಡೀ ತಲೆಯೊಳಗೆ ಯಾರೋ ಡೊಳ್ಳು ಬಾರಿಸಿದರು. ಎರಡನೇ ದಿನ ಮಧ್ಯಾಹ್ನದವರೆಗೆ ಬಿಸಿನೀರು, ಬೆಳ್ಳುಳ್ಳಿ ಸೂಪು, ನಿದ್ದೆ.

ಹೋಗಬೇಕೆಂದಿದ್ದದ್ದು ಚಾಂಗ್‌ಥಾಂಗ್‌ಗೆ. ‘ಚಾಂಗ್’ ಎಂದರೆ ಉತ್ತರ, ‘ಥಾಂಗ್’ ಎಂದರೆ ಬಯಲು. ಟಿಬೆಟಿನ ಆ ವಿಶಾಲ ಬಯಲಿನ ಪಶ್ಚಿಮದ ಅಂಚು ಲಡಾಖ್‌ನೊಳಗೆ ಚಾಚಿಕೊಂಡಿದೆ. ಅಲ್ಲಿ ಆಡು, ಕುರಿ, ಯಾಕ್, ಕುದುರೆ ಇಟ್ಟುಕೊಂಡು ಹುಲ್ಲಿನ ಹಿಂದೆ ಅಲೆಯುವವರು ಚಾಂಗ್ಪಾಗಳು. ಪಶ್ಮೀನಾ ಶಾಲಿನ ಎಳೆ ಹುಟ್ಟುವುದು ಅವರ ಆಡುಗಳ ಮೈಮೇಲೆ. ನಾನು ಗದಗ ಜಿಲ್ಲೆಯ ಕುರುಬರ ಮನೆಯವನು. ಅಜ್ಜನ ಕಾಲಕ್ಕೆ ನಮ್ಮ ಮನೆಯಲ್ಲಿ ಇನ್ನೂರು ಕುರಿ ಇದ್ದವು, ಅಪ್ಪನ ಕಾಲಕ್ಕೆ ನಲವತ್ತು, ನನ್ನ ಕಾಲಕ್ಕೆ ಒಂದು ಹಳೆಯ ಕಂಬಳಿ ಉಳಿದಿದೆ. ಆ ಕಂಬಳಿಯನ್ನೂ ಚೀಲಕ್ಕೆ ತುರುಕಿಕೊಂಡೇ ಬಂದಿದ್ದೆ.

ಎರಡನೇ ದಿನ ಸಂಜೆ ಚೋಗ್ಲಮ್‌ಸರ್ ಕಡೆ ಹೋಗಿಬಂದೆ. ಅಲ್ಲಿ ಖರ್ನಾಕ್‌ಲಿಂಗ್ ಎಂಬ ಬಡಾವಣೆ ಇದೆ. ಖರ್ನಾಕ್ ಕಣಿವೆಯ ಅಲೆಮಾರಿಗಳು ಹಿಂಡು ಮಾರಿ ಒಬ್ಬೊಬ್ಬರಾಗಿ ಬಂದು ಇಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಇಟ್ಟಿಗೆ ಗೋಡೆ, ಟಿವಿ, ಗ್ಯಾಸ್ ಒಲೆ, ಮಕ್ಕಳಿಗೆ ಹತ್ತಿರದಲ್ಲೇ ಶಾಲೆ. ಒಂದು ಮನೆಯ ಅಂಗಳದಲ್ಲಿ ಒಬ್ಬ ಮುದುಕಿ ಎರಡೇ ಎರಡು ಆಡು ಕಟ್ಟಿಕೊಂಡು ಕೂತಿದ್ದಳು. ಯಾಕೆ ಅಂತ ಕೇಳಿದ್ದಕ್ಕೆ ಪಕ್ಕದ ಮನೆಯ ಹುಡುಗ ಹೇಳಿದ: ‘ಹಾಲಿಗಲ್ಲ. ಅವು ಇಲ್ಲದಿದ್ದರೆ ಅಜ್ಜಿಗೆ ನಿದ್ದೆ ಬರಲ್ಲ.’

ಮೂರನೇ ದಿನ: ಸಿಂಧೂ ಪಕ್ಕದಲ್ಲೇ ಮೇಲಕ್ಕೆ

ಮುಂದೆ ಹೋಗಬೇಕಿದ್ದ ಕೊರ್ಜೋಕ್, ಹಾನ್ಲೆ ಎರಡೂ ಊರಿಗೆ ಪರವಾನಗಿ ಪತ್ರ ಮಾಡಿಸಿಕೊಂಡಿದ್ದೆವು. ಅದರ ನಾಲ್ಕು ಪ್ರತಿ ಜೇಬಲ್ಲಿಟ್ಟುಕೊಂಡು ಬೆಳಗ್ಗೆ ಏಳಕ್ಕೆ ಹೊರಟೆವು. ಚಾಲಕ ನ್ಯೋಮಾ ಕಡೆಯವನು, ನನಗಿಂತ ಐದಾರು ವರ್ಷ ದೊಡ್ಡವನು. ಹಾಗಾಗಿ ಅಚೋಲೆ. ಲಡಾಖಿಯಲ್ಲಿ ಅಚೋ ಎಂದರೆ ಅಣ್ಣ, ಹಿಂದೆ ಸೇರಿಸುವ ‘ಲೆ’ ನಮ್ಮ ‘ಅವರು’ ಇದ್ದಂತೆ. ಸಿಕ್ಕವರಿಗೆಲ್ಲ ‘ಜುಲೆ’ ಅಂದರೆ ನಮಸ್ಕಾರವೂ ಆಯಿತು, ಥ್ಯಾಂಕ್ಸೂ ಆಯಿತು, ಹೋಗಿಬರುತ್ತೇನೆ ಅಂದದ್ದೂ ಆಯಿತು. ಒಂದೇ ಪದದಲ್ಲಿ ಮೂರು ಕೆಲಸ ಮುಗಿಸುವ ಭಾಷೆ ನನ್ನಂಥವನಿಗೆ ಒಳ್ಳೆಯದು.

ಉಪ್ಶಿ ದಾಟಿದ ಮೇಲೆ ದಾರಿ ಸಿಂಧೂ ನದಿಯನ್ನು ಬಿಡುವುದೇ ಇಲ್ಲ. ನದಿಯ ಎರಡೂ ದಡ ಹೆಪ್ಪುಗಟ್ಟಿ ನಡುವೆ ಮಾತ್ರ ಒಂದು ಹಸಿರು ಸೀಳು ಹರಿಯುತ್ತಿತ್ತು. ಚುಮಾಥಾಂಗ್‌ನಲ್ಲಿ ಅದೇ ನದಿಯ ದಡದಲ್ಲೇ ಬಿಸಿನೀರು ಬುಗ್ಗೆ. ಒಂದು ಕಡೆ ಮಂಜುಗಡ್ಡೆ, ನಾಲ್ಕು ಹೆಜ್ಜೆ ಆಚೆ ಕುದಿಯುವ ನೀರು. ಮಾಹೆ ಸೇತುವೆಯಲ್ಲಿ ಕಾಗದ ತೋರಿಸಿ ನದಿ ಬಿಟ್ಟು ಒಳಗೆ ತಿರುಗಿದೆವು. ಆ ದಾರಿಯಲ್ಲಿ ಸುಮ್ದೋ ಸಿಗುತ್ತದೆ, ಅದರ ಪಕ್ಕಕ್ಕೆ ಪುಗಾ ಕಣಿವೆ. ಪುಗಾದಲ್ಲಿ ನೆಲದಿಂದ ಹಬೆ ಏಳುತ್ತದೆ, ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತದೆ. ಅಲೆಮಾರಿಗಳ ಮಕ್ಕಳಿಗಾಗಿಯೇ ಇರುವ ವಸತಿ ಶಾಲೆಯೂ ಅಲ್ಲಿದೆ.

ನಾವು ಹೋಗಬೇಕಿದ್ದ ಹಟ್ಟಿ ಒಂದು ಪಕ್ಕದ ಕಣಿವೆಯಲ್ಲಿತ್ತು. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಬೇಸಿಗೆಯಲ್ಲಿ ಬೈಕುಗಳು ಬರುತ್ತವೆ ಅಂತ ಮನೆಯವರು ಹೇಳಿದ್ದಾರೆ. ಚಾಲಕನ ಸೋದರಮಾವನ ಕುಟುಂಬ ಅದು. ಚಾಲಕನಿಗೆ ಅವರು ಅಝಂಗ್, ನನಗೆ ಮೇಮೆಲೆ, ಎಂದರೆ ಅಜ್ಜ. ಅವರ ಹೆಂಡತಿ ಅಬಿಲೆ. ಜೊತೆಗೆ ಸೊಸೆ, ಹತ್ತು ವರ್ಷದ ಮೊಮ್ಮಗ. ಪುಗಾ ಶಾಲೆಗೆ ಚಳಿಗಾಲದ ರಜೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅವನು ಹಟ್ಟಿಯಲ್ಲೇ ಇದ್ದ. ಮಗ ಲೇಹ್‌ನಲ್ಲಿ ಲಾರಿ ಓಡಿಸುತ್ತಾನೆ.

ಚಾಂಗ್ಪಾಗಳೆಂದರೆ ಕಪ್ಪು ಗುಡಾರ ಅಂತ ಓದಿಕೊಂಡು ಹೋಗಿದ್ದೆ. ಅಲ್ಲಿ ಮೊದಲು ಕಂಡದ್ದು ಬಿಳಿ ಕ್ಯಾನ್ವಾಸ್ ಡೇರೆ ಮತ್ತು ಸೋಲಾರ್ ಪ್ಲೇಟು. ಒಂದು ಕ್ಷಣ ನಿರಾಸೆಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಹಿಂದುಗಡೆ ಹೋದರೆ, ಸೊಂಟದೆತ್ತರದ ಕಲ್ಲುಗೋಡೆಯೊಳಗೆ, ನೆಲವನ್ನು ಎರಡು ಮೊಳ ಅಗೆದು ತಗ್ಗು ಮಾಡಿ ನಿಲ್ಲಿಸಿದ ‘ರೆಬೋ’ ಇತ್ತು. ಯಾಕ್ ಕೂದಲಿನಿಂದ ನೇಯ್ದ ಗುಡಾರ ಅದು. ಗಾಳಿ ಮೇಲಿನಿಂದ ಹಾದುಹೋಗಲಿ ಅಂತ ನೆಲ ಅಗೆಯುವುದು. ಮುಂದಿನ ಮೂರು ರಾತ್ರಿ ನಾನು ಮಲಗಿದ್ದು ಅಲ್ಲೇ.

ನಾಲ್ಕನೇ ದಿನ: ರೆಬೋ ಒಳಗೆ

ಬೆಳಗ್ಗೆ ಆರಕ್ಕೆ ನನ್ನ ಪುಟ್ಟ ಥರ್ಮಾಮೀಟರ್ ಗುಡಾರದ ಹೊರಗೆ ಮೈನಸ್ 23 ತೋರಿಸಿತು. ತಲೆದೆಸೆಯಲ್ಲಿಟ್ಟಿದ್ದ ನೀರಿನ ಬಾಟಲಿ ಕಲ್ಲಾಗಿತ್ತು. ಅಬಿಲೆ ಆಗಲೇ ಒಲೆ ಹೊತ್ತಿಸಿದ್ದರು. ಒಲೆಗೆ ಯಾಕಿನ ಕುಳ್ಳು, ಮೇಲೊಂದು ಹಿಡಿ ಆಡಿನ ಹಿಕ್ಕಿ. ಬೆಂಕಿ ಹಿಡಿಸಲು ಬುರ್ತ್ಸೆ ಎನ್ನುವ ಕುರುಚಲು ಗಿಡದ ಬೇರು. ಮರವೆಂಬುದು ಇಲ್ಲದ ನಾಡು, ಉರಿಯುವುದೆಲ್ಲ ಪ್ರಾಣಿಯ ಹೊಟ್ಟೆಯಿಂದಲೇ ಬರಬೇಕು.

ಒಲೆ ಗುಡಾರದ ನಟ್ಟನಡುವೆ. ಅದರ ಒಂದು ಬದಿ ಗಂಡಸರದು, ಇನ್ನೊಂದು ಬದಿ ಹೆಂಗಸರದು. ಒಲೆಯ ಹಿಂದೆ, ಬಾಗಿಲಿಗೆ ಎದುರಾಗಿ, ದೇವರ ಜಾಗ: ದಲೈ ಲಾಮಾರ ಪಟ, ಬೆಣ್ಣೆ ದೀಪ, ನೀರು ತುಂಬಿಸುವ ಹಿತ್ತಾಳೆ ಬಟ್ಟಲು. ನಾನು ಗೊತ್ತಿಲ್ಲದೆ ಹೆಂಗಸರ ಬದಿಯಲ್ಲಿ ಕೂತೆ. ಯಾರೂ ಏನೂ ಅನ್ನಲಿಲ್ಲ. ಮೊಮ್ಮಗ ಮಾತ್ರ ಬಾಯಿ ಮುಚ್ಚಿಕೊಂಡು ನಕ್ಕ, ನಾನು ಎದ್ದು ಆಚೆ ಹೋದೆ.

ಒಲೆಗೂ ಒಬ್ಬ ದೇವರಿದ್ದಾನೆ, ಥಬ್‌ಲ್ಹಾ. ಒಲೆಗೆ ಉಗುಳಬಾರದು, ಕಸ ಹಾಕಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಹಾಲು ಉಕ್ಕಿ ಬೆಂಕಿಗೆ ಬೀಳಬಾರದು, ಬಿದ್ದರೆ ಒಲೆಯ ದೇವರು ಮುನಿಯುತ್ತಾನೆ, ಮನೆಗೆ ಕಾಯಿಲೆ ಬರುತ್ತದೆ. ನಮ್ಮಲ್ಲಿ ಹೊಸ ಮನೆಗೆ ಹೋದರೆ ಬೇಕೆಂತಲೇ ಹಾಲುಕ್ಕಿಸುತ್ತೇವೆ ಅಂತ ಹೇಳಿದೆ. ಅಬಿಲೆ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಚಾಲಕ ಅನುವಾದದಲ್ಲಿ ಏನೋ ತಪ್ಪು ಮಾಡಿದನೆಂದುಕೊಂಡು ಎರಡನೇ ಸಲ ಕೇಳಿದರು. ಹೌದು, ಬೇಕೆಂತಲೇ ಅಂದೆ. ‘ಅಷ್ಟು ಹಾಲಿದೆಯೇ ನಿಮ್ಮಲ್ಲಿ?’ ಅಂದರು. ದೇವರ ಪ್ರಶ್ನೆ ಅಲ್ಲಿಗೆ ಹಾಲಿನ ಪ್ರಶ್ನೆಯಾಯಿತು. ಇಲ್ಲಿ ಆಡು ಹಾಲು ಕೊಡುವುದು ಬೇಸಿಗೆಯ ಕೆಲವೇ ತಿಂಗಳು. ಚಳಿಗಾಲಕ್ಕೆ ಉಳಿಯುವುದು ತೊಗಲಿನ ಚೀಲದಲ್ಲಿ ಹೊಲಿದಿಟ್ಟ ಬೆಣ್ಣೆ ಮತ್ತು ಕಲ್ಲಿನಂತೆ ಒಣಗಿದ ಚುರ್ಪೆ ಗಿಣ್ಣು.

ಆ ಬೆಣ್ಣೆಯನ್ನೇ ಉಪ್ಪು, ಚಹಾ ಡಿಕಾಕ್ಷನ್ ಜೊತೆ ಉದ್ದನೆಯ ಮರದ ಕೊಳವೆಯಲ್ಲಿ ಕಡೆದು ಗುರ್‌ಗುರ್ ಚಾ ಮಾಡುತ್ತಾರೆ. ಹೆಸರು ಆ ಕಡೆಯುವ ಸದ್ದಿನಿಂದ ಬಂದದ್ದು. ಚಹಾ ಅಂದುಕೊಂಡು ಕುಡಿದರೆ ಮುಖ ಹಿಂಡುತ್ತೀರಿ. ಸಾರು ಅಂದುಕೊಂಡು ಕುಡಿಯಿರಿ, ಆಮೇಲೆ ಬಿಡುವುದು ಕಷ್ಟ. ಅದಕ್ಕೇ ಹುರಿದ ಜವೆಗೋದಿಯ ಹಿಟ್ಟು ಕಲಸಿ ಮುದ್ದೆ ಮಾಡಿ ನುಂಗಿದೆ. ಮುದ್ದೆ ನುಂಗಲು ಬಂದವನೆಂದು ನನ್ನ ಬಗ್ಗೆ ಅವರಿಗೆ ಸ್ವಲ್ಪ ಗೌರವ ಹುಟ್ಟಿತು.

ಮಧ್ಯಾಹ್ನ ಮೇಮೆಲೆ ಬಿಸಿಲಿಗೆ ಮಗ್ಗ ಹೂಡಿ ಕೂತರು. ಗಂಡಸು ನೇಯುತ್ತಿದ್ದಾನಲ್ಲ ಅಂತ ನೋಡಿದೆ. ಇಲ್ಲಿ ಇಬ್ಬರೂ ನೇಯುತ್ತಾರೆ, ಆದರೆ ಮಗ್ಗ ಬೇರೆ, ನೂಲು ಬೇರೆ. ಹೆಂಗಸರದು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನೇಯುವ ಮಗ್ಗ. ಯಾಕ್ ಮತ್ತು ಆಡಿನ ಒರಟು ಕೂದಲಿನ ಗುಡಾರದ ಪಟ್ಟಿ, ಹೇರುಚೀಲ ಇವೆಲ್ಲ ಗಂಡಸರ ಕೈಗೆಲಸ. ಗುಡಾರದಲ್ಲಿ ಸವೆದ ಪಟ್ಟಿ ತೆಗೆದು ಹೊಸದನ್ನು ಸೇರಿಸುತ್ತ ಹೋಗುತ್ತಾರೆ. ಹಾಗಾಗಿ ರೆಬೋಗೆ ವಯಸ್ಸು ಹೇಳುವುದು ಕಷ್ಟ. ‘ಇದು ನನ್ನಪ್ಪನದು’ ಅಂದರು ಮೇಮೆಲೆ, ‘ಆದರೆ ಅಪ್ಪ ನೇಯ್ದ ಒಂದೆಳೆಯೂ ಇದರಲ್ಲಿಲ್ಲ.’

ನಾನು ಚೀಲದಿಂದ ಅಜ್ಜನ ಕಂಬಳಿ ತೆಗೆದು ಕೊಟ್ಟೆ. ಅವರು ಮೂಸಿ ನೋಡಿದರು. ನಿಜವಾಗಿ ಮೂಸಿದರು. ಅಂಚು ಉಜ್ಜಿ, ಬೆಳಕಿಗೆ ಹಿಡಿದು, ‘ಕುರಿ ಚೆನ್ನಾಗಿದೆ, ಚಳಿ ಸಾಲದು’ ಅಂದರು. ಇಷ್ಟು ಚುಟುಕಾಗಿ ನಮ್ಮ ಡೆಕ್ಕನಿ ಕುರಿಯ ಜಾತಕ ಯಾರೂ ಹೇಳಿರಲಿಕ್ಕಿಲ್ಲ.

ಚಳಿ ಸಾಲದು ಅನ್ನುವ ಆ ಮಾತಿನಲ್ಲೇ ಇವರ ಬದುಕಿನ ಗುಟ್ಟಿದೆ. ಆಡಿನ ಮೇಲ್ಕೂದಲು ಒರಟು. ಹಗಲು ಕುಗ್ಗಿ ಚಳಿ ಏರಿದಂತೆ ಅದರ ಬುಡದಲ್ಲಿ ಹತ್ತಿಯಂಥ ಇನ್ನೊಂದು ಪದರ ಬೆಳೆಯುತ್ತದೆ, ಅದೇ ಪಶ್ಮ್. ಎಳೆಯ ದಪ್ಪ 12ರಿಂದ 15 ಮೈಕ್ರಾನ್. ಮನುಷ್ಯರ ಕೂದಲು ಇದರ ನಾಲ್ಕೈದು ಪಟ್ಟು ದಪ್ಪ. ಚಳಿ ಕಳೆದು ಬೇಸಿಗೆ ಕಾಲಿಡುವಾಗ ಅದು ತಾನಾಗಿ ಸಡಿಲವಾಗುತ್ತದೆ, ಆಗ ಕಬ್ಬಿಣದ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ನಮ್ಮ ಹಾಗೆ ಕತ್ತರಿ ಹಾಕುವುದಿಲ್ಲ. ಒಂದು ಆಡಿಗೆ ವರ್ಷಕ್ಕೆ ಸಿಗುವುದು ಸುಮಾರು ಕಾಲು ಕಿಲೋ. ಒರಟು ಕೂದಲು, ಮಣ್ಣು ಬೇರ್ಪಡಿಸಿದರೆ ಅದರ ಅರ್ಧವೂ ಉಳಿಯದು. ನಮ್ಮ ಕಡೆ ಮಳೆ ನಂಬಿ ಬೆಳೆ ತೆಗೆದ ಹಾಗೆ ಇವರು ಚಳಿ ನಂಬಿ ಬೆಳೆ ತೆಗೆಯುತ್ತಾರೆ. ಚಳಿಗಾಲ ಸಡಿಲವಾದರೆ ಊರವರಿಗೆ ಸುಖ, ಇವರಿಗೆ ನಷ್ಟ.

ಆ ನೂಲಿಗಾಗಿ ರಾಜ್ಯಗಳೇ ಬಡಿದಾಡಿವೆ. ಲಡಾಖ್ ಮತ್ತು ಟಿಬೆಟ್ ನಡುವಿನ 1684ರ ತಿಂಗ್ಮೋಸ್‌ಗಾಂಗ್ ಒಪ್ಪಂದದಲ್ಲಿ ಈ ಉಣ್ಣೆ ಕಾಶ್ಮೀರಕ್ಕೇ ಸೇರಬೇಕೆಂದು ಬರೆಸಿಕೊಂಡಿದ್ದರು. ಈಗಲೂ ಶಾಲಿನ ಹೆಸರು ಕಾಶ್ಮೀರದ್ದು, ಆಡು ಕಾದವರ ಹೆಸರು ಎಲ್ಲೂ ಇಲ್ಲ. ಕಂಬಳಿಗಾದರೂ ನಮ್ಮಲ್ಲಿ ಕುರುಬರ ಕಂಬಳಿ ಅನ್ನುತ್ತೇವೆ.

ಐದನೇ ದಿನ: ಹಿಂಡಿನ ಜೊತೆ, ಮತ್ತು ಆ ರಾತ್ರಿ

ಬೆಳಗ್ಗೆ ಹತ್ತಕ್ಕೆ ಹಿಂಡು ಹೊರಟಿತು. ಆಡು, ಕುರಿ ಸೇರಿ ಮುನ್ನೂರರ ಹತ್ತಿರ. ಸೊಸೆ ಮತ್ತು ಮೊಮ್ಮಗ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ದೂರದಿಂದ ಬರೀ ಕಲ್ಲುಮಣ್ಣಿನಂತೆ ಕಾಣುವ ಗುಡ್ಡದಲ್ಲಿ ಅವು ಏನು ಮೇಯುತ್ತವೆ ಅಂತ ಬಗ್ಗಿ ನೋಡಿದೆ. ಬೆರಳುದ್ದದ ಒಣಹುಲ್ಲು, ಗೇಣಿಗೊಂದು. ಯಾವ ಕಣಿವೆಗೆ ಯಾವ ತಿಂಗಳು ಯಾರ ಹಿಂಡು ಹೋಗಬೇಕೆಂದು ತೀರ್ಮಾನಿಸುವವನು ಗೋಬಾ, ಊರಿನ ಮುಖಂಡ. ಆ ಹುದ್ದೆ ಸರದಿಯ ಮೇಲೆ ಮನೆಯಿಂದ ಮನೆಗೆ ತಿರುಗುತ್ತದೆ. ಚಳಿಗಾಲಕ್ಕೆಂದು ಉಳಿಸಿದ ಕಣಿವೆಗೆ ಬೇಸಿಗೆಯಲ್ಲಿ ಕಾಲಿಟ್ಟವನಿಗೆ ದಂಡ. ಇವರು ಮನಬಂದ ಕಡೆ ತಿರುಗುವವರೆಂದುಕೊಳ್ಳುವುದು ಪೇಟೆಯವರ ಕಲ್ಪನೆ. ನನ್ನ ಆಫೀಸಿನ ಕ್ಯಾಲೆಂಡರಿಗಿಂತ ಇವರದು ಬಿಗಿ.

1959ರ ನಂತರ ಟಿಬೆಟಿನಿಂದ ಬಂದವರು ತಮ್ಮ ಹಿಂಡುಗಳನ್ನೂ ಹೊಡೆದುಕೊಂಡು ಬಂದರು, 1962ರ ಯುದ್ಧದ ನಂತರ ಗಡಿಯಾಚೆಯ ಮೇವು ಕೈತಪ್ಪಿತು. ಹಿಂಡು ಹೆಚ್ಚಾಯಿತು, ಹುಲ್ಲು ಕಡಿಮೆಯಾಯಿತು. ಮೇಮೆಲೆ ಹುಡುಗನಾಗಿದ್ದಾಗ ಅವರಪ್ಪ ತ್ಸೋ ಕರ್ ಸರೋವರದ ಉಪ್ಪನ್ನು ಕುರಿಗಳ ಬೆನ್ನ ಮೇಲೆ ಪುಟ್ಟ ಚೀಲಗಳಲ್ಲಿ ಹೇರಿ ಜಂಸ್ಕಾರ್‌ಗೆ ನಡೆದು, ಬದಲಿಗೆ ಜವೆಗೋದಿ ತರುತ್ತಿದ್ದರಂತೆ. ಈಗ ಅಂಗಡಿಯ ಅಯೋಡಿನ್ ಉಪ್ಪು, ರೇಷನ್ ಅಕ್ಕಿ. ಆ ಚೀಲಗಳು ಗುಡಾರದ ಮೂಲೆಯಲ್ಲಿ ದಿಂಬಾಗಿವೆ.

ದಾರಿಯಲ್ಲಿ ಒಂದು ಹಳೆಯ ಶಾಂಗ್‌ಡೋಂಗ್ ಕಂಡಿತು. ತೋಳ ಹಿಡಿಯುವ ಕಲ್ಲಿನ ಗುಂಡಿ. ಗೋಡೆ ಒಳಮುಖವಾಗಿ ಬಾಗಿರುತ್ತದೆ, ಒಳಗೆ ಕಟ್ಟಿದ ಆಡಿನ ಆಸೆಗೆ ಹಾರಿದ ತೋಳ ಮೇಲೆ ಹತ್ತಲಾರದು. ಆಮೇಲೆ ಕಲ್ಲು ಹೊಡೆದು ಕೊಲ್ಲುವುದು. ಈಗ ಅದನ್ನು ಬಿಟ್ಟಿದ್ದಾರೆ. ಕೆಲವು ಕಡೆ ಗುಂಡಿಯ ಪಕ್ಕದಲ್ಲೇ ಸ್ತೂಪ ಕಟ್ಟಿದ್ದಾರೆ. ಹಿಂಡಿನಲ್ಲಿ ಒಂದು ಮುದಿ ಆಡಿನ ಕಿವಿಗೆ ಬಣ್ಣದ ದಾರ ಕಟ್ಟಿತ್ತು. ಅದು ತ್ಸೆಥರ್, ದೇವರ ಹೆಸರಲ್ಲಿ ಜೀವಂತ ಬಿಟ್ಟದ್ದು. ಕೊಯ್ಯುವಂತಿಲ್ಲ, ಮಾರುವಂತಿಲ್ಲ, ತಾನಾಗಿ ಸಾಯಬೇಕು. ಬೀರಪ್ಪನ ಹೆಸರಲ್ಲಿ ಬಿಟ್ಟ ಟಗರಿನ ಠೀವಿಯೇ ಇದಕ್ಕೂ ಇತ್ತು.

ಸಂಜೆ ಹಿಂಡು ಕಲ್ಲಿನ ದೊಡ್ಡಿಗೆ ನುಗ್ಗುವಾಗ ಮೇಮೆಲೆ ಬಾಗಿಲಲ್ಲಿ ನಿಂತರು. ಎಣಿಸಲಿಲ್ಲ. ಎಲ್ಲ ಒಳಹೋದ ಮೇಲೆ ಸೊಸೆಗೆ ಎರಡು ಮಾತು ಹೇಳಿದರು. ಅವಳು ವಾಪಸ್ ಗುಡ್ಡಕ್ಕೆ ಓಡಿದಳು. ‘ಮುರಿದ ಕೊಂಬಿನದು ಬಂದಿಲ್ಲ’ ಅಂತ ಚಾಲಕ ಹೇಳಿದ. ನನ್ನ ಅಜ್ಜನೂ ಹೀಗೆಯೇ, ಎಷ್ಟಿವೆ ಅಂತ ಕೇಳಿದರೆ ಹೇಳುತ್ತಿರಲಿಲ್ಲ, ಯಾವುದು ಇಲ್ಲ ಅಂತ ಮಾತ್ರ ಹೇಳುತ್ತಿದ್ದ.

ಮುರಿದ ಕೊಂಬಿನ ಆಡು ಕತ್ತಲಾಗುವಾಗ ಸೊಸೆಯ ಹಿಂದೆ ಬಂತು, ಗಬ್ಬದ ಹೊಟ್ಟೆ ಜೋತುಬಿದ್ದಿತ್ತು. ರಾತ್ರಿ ಎರಡರ ಸುಮಾರಿಗೆ ಗದ್ದಲಕ್ಕೆ ಎಚ್ಚರವಾಯಿತು. ಆಡನ್ನು ಗುಡಾರದೊಳಗೇ ತಂದಿದ್ದರು. ಹೊರಗೆ ಈದರೆ ಮರಿಯ ಒದ್ದೆ ಮೈ ಆರುವ ಮೊದಲೇ ಹೆಪ್ಪುಗಟ್ಟುತ್ತದೆ. ಕಾಲು ಕಂಡಿತು, ಮೂತಿ ಕಂಡಿತು, ಆಮೇಲೆ ನಿಂತುಬಿಟ್ಟಿತು. ಸೊಸೆಯ ಕೈ ಒಳಗಿತ್ತು, ಅಬಿಲೆ ಆಡಿನ ತಲೆ ಹಿಡಿದು ಏನೋ ಗುನುಗುತ್ತಿದ್ದರು. ನಾನು ಕೇಳದೇ ಹೋಗಿ ಹಿಂಗಾಲು ಹಿಡಿದೆ. ಇಪ್ಪತ್ತೈದು ವರ್ಷವಾಗಿತ್ತು ಈ ಕೆಲಸ ಮಾಡಿ. ಮರಿ ಜಾರಿ ಬಿದ್ದಾಗ ಉಸಿರಿರಲಿಲ್ಲ. ಮೂಗಿನ ಲೋಳೆ ಬೆರಳಿನಿಂದ ತೆಗೆದು, ಹಿಂಗಾಲು ಹಿಡಿದು ಎರಡು ಸಲ ಬೀಸಿದೆ. ಮೂರನೇ ಸಲಕ್ಕೆ ಸೀನಿತು.

ತಾಯಿ ಮುಖ ತಿರುಗಿಸಿತು, ನೆಕ್ಕಲೊಲ್ಲದು. ಅಬಿಲೆ ಒಂದು ಚಿಟಿಕೆ ಉಪ್ಪು ತೆಗೆದು ಮರಿಯ ಬೆನ್ನಿಗೆ ಸವರಿದರು. ನನ್ನ ಅಜ್ಜಿ ಮಾಡುತ್ತಿದ್ದದ್ದೂ ಇದನ್ನೇ. ಆಡು ಮೂಸಿತು, ಒಮ್ಮೆ ನೆಕ್ಕಿತು, ಆಮೇಲೆ ಬಿಡಲಿಲ್ಲ. ನನ್ನ ಕೈ ಒರೆಸಿಕೊಳ್ಳಲು ಅಬಿಲೆ ಕೊಟ್ಟದ್ದು ಅಜ್ಜನ ಕಂಬಳಿಯ ಮೂಲೆಯನ್ನೇ. ಮರಿಯನ್ನು ಅದರಲ್ಲೇ ಸುತ್ತಿ ಒಲೆಯ ಪಕ್ಕ ಮಲಗಿಸಿದರು. ವಾಪಸ್ ಕೇಳಲು ನನಗೆ ಮನಸ್ಸಾಗಲಿಲ್ಲ.

ಎಲ್ಲ ವರ್ಷವೂ ಹೀಗೆ ಒಂದೊಂದಾಗಿ ಉಳಿಸಲಾಗುವುದಿಲ್ಲ. 2013ರ ಆರಂಭದಲ್ಲಿ ಚಾಂಗ್‌ಥಾಂಗ್ ಮೇಲೆ ಭಾರೀ ಹಿಮ ಬಿದ್ದು ಮೇವು ಮುಚ್ಚಿಹೋದಾಗ ಸಾವಿರಾರು ಮರಿಗಳು ಸತ್ತವು. ಚಳಿ ಇರಬೇಕು, ಹಿಮ ಹೆಚ್ಚು ಬೀಳಬಾರದು. ಇವರ ಪ್ರಾರ್ಥನೆ ಬಹಳ ಇಕ್ಕಟ್ಟಿನದು. ಮಗ ಲಾರಿಗೆ ಹೋದದ್ದು ಆ ವರ್ಷದ ನಂತರವೇ ಅಂತ ಮೇಮೆಲೆ ಹೇಳಿದರು. ಮೊಮ್ಮಗನನ್ನು ಏನು ಮಾಡುತ್ತೀರಿ ಅಂತ ಕೇಳಿದೆ. ‘ಅವನನ್ನೇ ಕೇಳು’ ಅಂದರು. ಹುಡುಗ ಹಿಂದಿಯಲ್ಲಿ ಹೇಳಿದ, ಜೆಸಿಬಿ ಓಡಿಸುತ್ತಾನಂತೆ.

ಆರನೇ ದಿನ: ಕೊರ್ಜೋಕ್

ನಮಶಾಂಗ್ ಲಾ ಎಂಬ ಕಣಿವೆದಾರಿ ದಾಟಿ ಕೊರ್ಜೋಕ್‌ಗೆ. 4,500 ಮೀಟರ್ ಮೀರಿದ ಎತ್ತರದಲ್ಲಿ ತ್ಸೋ ಮೊರಿರಿ ಸರೋವರ ಇಡಿಯಾಗಿ ಗಾಜಾಗಿತ್ತು. ಮೇಮೆಲೆಯೂ ಜೊತೆ ಬಂದಿದ್ದರು, ಅಲ್ಲಿನ ಗೊಂಪಾದಲ್ಲಿ, ಎಂದರೆ ಬೌದ್ಧ ಮಠದಲ್ಲಿ, ಅವರ ತಮ್ಮ ಲಾಮಾ. ಮಂಜುಗಡ್ಡೆ ಒಳಗೊಳಗೇ ಸೀಳುವ ಸದ್ದು ಆಗಾಗ ಬರುತ್ತಿತ್ತು, ದೂರದಲ್ಲಿ ಯಾರೋ ತಗಡು ಎಳೆದ ಹಾಗೆ.

ಮಂಜು ಒಡೆಯತೊಡಗಿದಾಗ ‘ನಂಗ್ಪಾ’ ಬರುತ್ತವೆ ಅಂದರು ಮೇಮೆಲೆ. ಯಾವ ಹಕ್ಕಿ ಅಂತ ಗೊತ್ತಾಗಲಿಲ್ಲ. ತಲೆಯ ಹಿಂದೆ ಎರಡು ಬೆರಳಿಟ್ಟು ಪಟ್ಟೆ ತೋರಿಸಿದರು. ಪಟ್ಟೆತಲೆ ಹೆಬ್ಬಾತು! ನಾನು ಕುಣಿದಾಡುವುದೊಂದು ಬಾಕಿ. ನಮ್ಮೂರಿನ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸಾವಿರಗಟ್ಟಲೆ ಬರುವ ಹಕ್ಕಿ ಅದೇ. 2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟಿಯಲ್ಲಿ, ಎಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ತ್ಸೋ ಮೊರಿರಿಗೆ ಅದು 2002ರಲ್ಲೇ ಸಿಕ್ಕಿದೆ. ನಮ್ಮ ಕೆರೆಯ ಹಕ್ಕಿ ಈ ಸರೋವರದ್ದೇ ಅಂತ ನಾನು ಹೇಳಲಾರೆ, ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದವೂ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಆದರೆ ಜಾತಿ ಒಂದೇ, ಪಟ್ಟೆ ಒಂದೇ.

ಮೇಮೆಲೆಗೆ ಇದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದ ಪ್ರಶ್ನೆ ಕುರಿ ಕಾಯುವವರೇ ಕೇಳಬಹುದಾದದ್ದು: ‘ಅಲ್ಲಿ ಏನು ಮೇಯುತ್ತವೆ?’

ಶೇಂಗಾ ಅಂದೆ. ಹೊಲಕ್ಕೆ ಇಳಿದು ಶೇಂಗಾ ತಿಂದು ಕೆರೆಗೆ ಬಂದು ಮಲಗುತ್ತವೆ. ‘ಅದಕ್ಕೇ’ ಅಂದರು ಮೇಮೆಲೆ, ‘ಬರುವಾಗ ಅಷ್ಟು ದಪ್ಪ ಇರುತ್ತವೆ.’

ಏಳನೇ ದಿನ: ಹಾನ್ಲೆ

ಮಾಹೆಗೆ ವಾಪಸ್, ನ್ಯೋಮಾ, ಲೋಮಾ, ಹಾನ್ಲೆ. ಹೆಚ್ಚು ಹೇಳುವುದಿಲ್ಲ, ಬಹಳ ಜನ ಬರೆದಿದ್ದಾರೆ. ಗುಡ್ಡದ ಮೇಲಿನ ಹಿಮಾಲಯನ್ ಚಂದ್ರ ದೂರದರ್ಶಕ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದು. ಎರಡು ಮೀಟರ್ ಕನ್ನಡಿಯ ಈ ದೂರದರ್ಶಕವನ್ನು ಉಪಗ್ರಹದ ಮೂಲಕ ಹೊಸಕೋಟೆಯಲ್ಲಿ ಕೂತು ತಿರುಗಿಸುತ್ತಾರೆ. ಗುಡ್ಡದ ಬುಡದಲ್ಲಿ ಒಂದು ಹಿಂಡು ಮೇಯುತ್ತಿತ್ತು. ಕಾಯುತ್ತಿದ್ದ ಹೆಂಗಸಿಗೆ ಆ ಬಿಳಿ ಗುಮ್ಮಟ ತಿರುಗಿಸುವವರು ನಮ್ಮೂರ ಕಡೆಯವರು ಅಂದೆ. ‘ಹಾಗಾದರೆ ಅವರಿಗೆ ನಮ್ಮ ಆಡು ಕಾಣುತ್ತದೆಯೇ?’ ಅಂತ ಕೇಳಿದಳು. ಇಲ್ಲ, ನಕ್ಷತ್ರ ಮಾತ್ರ ಅಂದೆ. ಅವಳಿಗೆ ಅದು ಅಷ್ಟು ಉಪಯೋಗದ ಯಂತ್ರವೆಂದು ಅನಿಸಿದಂತೆ ಕಾಣಲಿಲ್ಲ.

ಎಂಟನೇ ದಿನ: ಮತ್ತೆ ಲೇಹ್

ಉಪ್ಶಿ ಹತ್ತಿರ ಬಂದ ಮೇಲೆ ಮೊಬೈಲ್ ಸರಿಯಾಗಿ ಸಿಕ್ಕಿತು. ಅವ್ವನಿಗೆ ಫೋನ್ ಮಾಡಿದೆ. ಕಂಬಳಿ ಕೊಟ್ಟುಬಂದದ್ದನ್ನು ಮೊದಲು ಹೇಳಲಿಲ್ಲ, ಹಕ್ಕಿ ಹೋದವಾ ಅಂತ ಕೇಳಿದೆ.

‘ಹೋದ್ವಪಾ, ಮೊನ್ನೆ ರಾತ್ರಿ. ಮ್ಯಾಲೆ ಎರಡು ಸುತ್ತು ಹೊಡದು ಒದರಿಕೋತ ಹೋದ್ವು.’

ಮೇಮೆಲೆಯ ಪ್ರಶ್ನೆ, ಶೇಂಗಾದ ಉತ್ತರ, ಆಮೇಲೆ ಮರಿ, ಉಪ್ಪು, ಕೊನೆಗೆ ಕಂಬಳಿ, ಎಲ್ಲ ಹೇಳಿದೆ. ಕಂಬಳಿಯ ವಿಷಯಕ್ಕೆ ಅವ್ವ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

‘ಆ ಮುದುಕಗ ಹಲ್ಲು ಅದಾವೇನು? ಅದಾವಂದ್ರ ಹುರಿದ ಶೇಂಗಾ ಕಳಸ್ತೀನಿ, ಇಲ್ಲಂದ್ರ ಹಿಂಡಿ ಕುಟ್ಟಿ ಕಳಸ್ತೀನಿ.’